ಎಲೆ ನೋಡಿ ಕೆಲಸ ಹೇಳುವ ಮಾವ

ನಮ್ಮ ರಾಜ್ಯಕ್ಕೆ ಸಿಇಟಿ ಬಂದದ್ದು 1994ರಲ್ಲಿ. ನಮ್ಮ ಸೋದರಮಾವ ಅದಕ್ಕೂ ಮೊದಲಿನಿಂದಲೇ ಸೀಟು ಹಂಚುತ್ತಿದ್ದರು. ಅದೂ ಮದುವೆಮನೆಯ ಪಂಕ್ತಿಯಲ್ಲಿ ಕೂತು. ಅರ್ಜಿ ಇಲ್ಲ, ಶುಲ್ಕ ಇಲ್ಲ, ಮೇಲ್ಮನವಿಯಂತೂ ಇಲ್ಲವೇ ಇಲ್ಲ.

ಇಂಥ ಮಾವ ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ. ಮಗು ಹೆಚ್ಚು ಮಾತಾಡಿದರೆ ಲಾಯರು, ಆಡದಿದ್ದರೆ ಸಿಎ. ನಮ್ಮ ಮಾವನದು ಇನ್ನೂ ಸೂಕ್ಷ್ಮ ಶಾಸ್ತ್ರ, ಅವರು ಊಟದೆಲೆ ನೋಡುತ್ತಿದ್ದರು. ಹೋಳಿಗೆಯನ್ನು ಕೊನೆಗಿರಲಿ ಎಂದು ಸರಿಸಿಟ್ಟವನು ಬ್ಯಾಂಕಿಗೆ. ಪಕ್ಕದವನ ಹಪ್ಪಳ ಕೇಳದೆ ಮುರಿದುಕೊಂಡವನು ರಾಜಕೀಯಕ್ಕೆ.

ನನ್ನ ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆ, ನೆಂಟರ ಮದುವೆಯಲ್ಲಿ ಅನ್ನದ ನಡುವೆ ಗುಂಡಿ ಮಾಡಿ ಸಾರು ಹಾಕಿಸಿಕೊಂಡೆ. ಕಟ್ಟೆ ಒಡೆದು, ಸಾರು ಎಲೆಯಂಚು ದಾಟಿ, ಪಕ್ಕದಲ್ಲಿದ್ದ ಗಂಡಿನ ಕಡೆಯವರ ರೇಷ್ಮೆ ಪಂಚೆಗಿಳಿಯಿತು. ಮಾವ ಅಪ್ಪನತ್ತ ಬಗ್ಗಿ, "ಭಾವ, ಇವನಿಗೆ ಎಂಜಿನಿಯರಿಂಗ್ ಬೇಡ. ಸಾರು ನಿಲ್ಲಿಸಲಾರದವನು ಅಣೆಕಟ್ಟು ಕಟ್ತಾನಾ? ಕಾಮರ್ಸಿಗೆ ಹಾಕಿ" ಅಂದರು. ಅಪ್ಪ ಮಜ್ಜಿಗೆ ಸುರಿಯುತ್ತಲೇ ತಲೆಯಾಡಿಸಿದರು.

ಇಪ್ಪತ್ತಾರು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಟ್ಯಾಲಿಯಾಗದ ಎರಡು ರೂಪಾಯಿ ಹುಡುಕುವಾಗೆಲ್ಲ ಆ ಸಾರಿನ ವಾಸನೆ ಮೂಗಿಗೆ ಬಡಿಯುತ್ತದೆ. ಹಾಗಂತ ಮಾವನ ಶಾಸ್ತ್ರ ಸುಳ್ಳೆನ್ನಲು ಧೈರ್ಯವೂ ಇಲ್ಲ. ಮೊನ್ನೆ ನಾನೇ ಜೋಡಿಸಿದ ಸ್ಟೂಲು ನನ್ನನ್ನೇ ಕೆಡವಿತು.

ಸೇಡು ತೀರಿಸಿಕೊಳ್ಳಲು ಒಮ್ಮೆ ಓದಿಕೊಂಡೇ ಹೋದೆ. "ಮಾವ, ಜಾನ್ ಹಾಲೆಂಡ್ ಅಂತ ಅಮೆರಿಕದವನು 1959ರಲ್ಲೇ ಕೆಲಸಕ್ಕೆ ತಕ್ಕಂತೆ ಜನರನ್ನೆಲ್ಲ ಆರು ಬಗೆ ಮಾಡಿದ್ದಾನೆ. ಕೈಕೆಲಸದವರು, ಕಾರಣ ಕೆದಕುವವರು, ಕಲೆಯವರು, ನಾಲ್ಕು ಜನಕ್ಕೆ ನೆರವಾಗುವವರು, ವ್ಯವಹಾರಸ್ಥರು, ಕಡತ ಒಪ್ಪವಾಗಿಡುವವರು."

"ಆರೇನಾ? ಒಂದು ಪಂಕ್ತಿಯಲ್ಲೇ ಹದಿನಾರು ಥರದವರು ಕೂತಿರ್ತಾರಲ್ಲೋ!"

ನಾನು ಬಾಯಿ ಮುಚ್ಚಿಕೊಂಡೆ. ಅಮೆರಿಕದವರೇ ಆದ ಬ್ರಿಗ್ಸ್ ಮತ್ತು ಮೈಯರ್ಸ್ ಎಂಬ ತಾಯಿ-ಮಗಳು ಜನರ ಸ್ವಭಾವದಲ್ಲಿ ಲೆಕ್ಕ ಹಾಕಿದ್ದೂ ಹದಿನಾರು ಬಗೆಯನ್ನೇ.

ಮಾವ ಆಗ ನೆಲದ ಮೇಲೆ ಪೇಪರು ಹಾಸಿ ಪಕ್ಕದ ಮನೆಯ ಮಿಕ್ಸಿ ಬಿಚ್ಚಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಬಿಚ್ಚಿದ ಸ್ಕ್ರೂಗಳು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಕೂತಿದ್ದವು. ಸವೆದ ಕಾರ್ಬನ್ ಬ್ರಷ್ಷನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ ಆ ಮನುಷ್ಯ ಮೂವತ್ತೈದು ವರ್ಷ ಸರ್ಕಾರಿ ಕಚೇರಿಯಲ್ಲಿ ಟಪಾಲು ನಮೂದಿಸಿ ನಿವೃತ್ತರಾದವರು. ಊರಿಗೆಲ್ಲ ಕೆಲಸ ಹೇಳುವವರಿಗೆ ತಮ್ಮ ಕೆಲಸ ಒಗ್ಗಿತ್ತೇ ಎಂದು ನಾವು ಕೇಳುವುದೇ ಇಲ್ಲ.

"ನಿಮ್ಮ ಎಲೆ ಯಾರೂ ನೋಡಲಿಲ್ವಾ ಮಾವ?"

ಅವರು ಮೋಟಾರಿನ ಧೂಳನ್ನು ಉಫ್ ಎಂದು ಊದಿದರು.

"ಹದಿನಾರಕ್ಕೇ ನಮ್ಮಪ್ಪ ಹೋದ್ರು. ಆಮೇಲೆ ಮನೇಲಿ ಎಲ್ಲರಿಗೂ ಬಡಿಸೋನು ನಾನೇ ಆದೆ ಕಣೋ. ಬಡಿಸೋನ ಎಲೆ ಯಾರು ನೋಡ್ತಾರೆ?"