ಗಿರಾಕಿಯ ಹಲ್ಲು: ಕುದುರೆ ಮಾರಾಟದಲ್ಲಿ ಬಾಲಪೃಚ್ಛಾ ಪ್ರಕರಣ

ಮೊಬೈಲಿನಲ್ಲಿ ಮಾರಾಟಕ್ಕಿಟ್ಟ ಕುದುರೆಯ ಬಗ್ಗೆ ಹದಿನೆಂಟು ತುಂಬದವರು ಕಳುಹಿಸುವ ವಿಚಾರಣೆಗೆ ಬಾಲಪೃಚ್ಛೆ ಎಂದು ಹೆಸರು. ಕಳುಹಿಸಿದವರು ಬಾಲಪೃಚ್ಛಕರು. ‘ಹುಡುಗೂರ ಉಸಾಬರಿ’ ಎಂದರೂ ಅರ್ಥ ಅದೇ. ಆದರೆ ಸಂಸ್ಕೃತ ಪದವಿಲ್ಲದೆ ಶಾಸ್ತ್ರಕ್ಕೆ ತೂಕ ಬರುವುದಿಲ್ಲವೆಂಬ ನಂಬಿಕೆ ಪಂಡಿತರಲ್ಲಿ ಇನ್ನೂ ಉಳಿದಿರುವುದರಿಂದ ಇಲ್ಲಿ ಮೊದಲನೆಯದನ್ನೇ ಇಟ್ಟುಕೊಳ್ಳಲಾಗಿದೆ. ಬಾಲಪೃಚ್ಛೆ ಹುಟ್ಟಲು ಮೂರು ಸಂಗತಿ ಕೂಡಿ ಬರಬೇಕು: ಚಿತ್ರದಲ್ಲಿ ಒಂದು ಕುದುರೆ, ಕೈಯಲ್ಲಿ ಒಂದು ಫೋನು, ಆ ಫೋನಿನ ಒಡೆಯನಿಗೆ ಊಟದ ನಂತರದ ನಿದ್ದೆ. ಮೂರನೆಯದು ತಪ್ಪಿದರೆ ಮೊದಲೆರಡರಿಂದ ಏನೂ ಆಗದು.

ಇಂಥ ಅಧ್ಯಯನಕ್ಕೆ ಹೂಲಿಗಿಂತ ತಕ್ಕ ಊರು ಸಿಗುವುದು ಕಷ್ಟ. ಸವದತ್ತಿಯಿಂದ ಸುಮಾರು 9 ಕಿ.ಮೀ. ದೂರದ ಈ ಊರಿನ ಹೆಸರು ಶಾಸನಗಳಲ್ಲಿ ಪೂಲಿ. ಪಂಚಲಿಂಗೇಶ್ವರ ಗುಡಿಯ ಆಸುಪಾಸಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು ಹಲವಿದ್ದು, ಶಾಸನಗಳು ಈ ಅಗ್ರಹಾರದ ಸಾಸಿರ್ವರು ಮಹಾಜನರನ್ನು ನೆನೆಯುತ್ತವೆ. ವ್ಯವಹಾರವೊಂದಕ್ಕೆ ಸಾವಿರ ಹಿರಿಯರ ಹೆಸರು ಬೀಳುತ್ತಿದ್ದ ಊರು ಅದು. ಈಗ ಸಂದೇಶದ ಆ ತುದಿಯಲ್ಲಿ ಒಬ್ಬನಾದರೂ ಹಿರಿಯ ಇದ್ದಾನೆಯೇ ಎಂಬುದೇ ಮಾರುವವನ ಚಿಂತೆ. ಅದೇ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಮಾನಸೋಲ್ಲಾಸವನ್ನು ಬರೆದಾಗ ಕುದುರೆಯ ತಳಿ, ಬಣ್ಣ, ಲಕ್ಷಣಗಳನ್ನೂ, ಕುದುರೆಯೇರಿ ಚೆಂಡಾಡುವ ವಿನೋದವನ್ನೂ ವಿವರಿಸಿದ್ದಾನೆ. ಗಿರಾಕಿಯ ವಯಸ್ಸು ಅವನಿಗೆ ಸಮಸ್ಯೆಯಾಗಿರಲಾರದು, ಗಿರಾಕಿ ಅವನೇ.

ಕುದುರೆ ವ್ಯಾಪಾರದ ಇತಿಹಾಸವೆಲ್ಲ ವಯಸ್ಸು ಕಂಡುಹಿಡಿಯುವ ಇತಿಹಾಸ. ಕುದುರೆಗೆ ಸುಮಾರು ಎರಡೂವರೆ ವರ್ಷಕ್ಕೆ ನಡುವಿನ ಹಾಲುಹಲ್ಲು ಬಿದ್ದು ಖಾಯಂ ಹಲ್ಲು ಬರುತ್ತವೆ, ಮೂರೂವರೆಗೆ ಪಕ್ಕದವು, ನಾಲ್ಕೂವರೆಗೆ ಮೂಲೆಯವು. ಐದಕ್ಕೆ ಬಾಯಿಗೂಡುತ್ತದೆ. ಆಮೇಲೆ ಹಲ್ಲಿನ ಮೇಲಿನ ಕುಳಿ ಸವೆಯುತ್ತ ಹೋಗುವುದನ್ನು ನೋಡಿ ಆರು, ಏಳು, ಎಂಟು ಎಂದು ಎಣಿಸುತ್ತಾರೆ. ಅದರಾಚೆಗೆ ಹೇಳುವವನ ಬಾಯಿಯ ಮೇಲೆ ನಂಬಿಕೆಯಿಡಬೇಕು. ಮುದಿ ಕುದುರೆಯ ಹಲ್ಲಿನಲ್ಲಿ ಹೊಸದಾಗಿ ಕುಳಿ ಕೊರೆದು, ಕಪ್ಪು ಬಳಿದು, ಹರೆಯದ್ದೆಂದು ಮಾರುವ ಕಸುಬು ಜಗತ್ತಿನ ಅನೇಕ ಸಂತೆಗಳಲ್ಲಿತ್ತು. ಮೊಬೈಲು ಬಂದ ಮೇಲೆ ಈ ವಿದ್ಯೆ ತಲೆಕೆಳಗಾಯಿತು. ಹಿಂದೆ ಕೊಳ್ಳುವವನು ಮಾಲಿನ ಹಲ್ಲು ನೋಡುತ್ತಿದ್ದ; ಈಗ ಮಾರುವವನು ಕೊಳ್ಳುವವನ ಹಲ್ಲು ನೋಡಬೇಕು, ಆ ಹಲ್ಲೋ ಕಾಣುವುದಿಲ್ಲ. ಹಳೆಯ ದಲಾಲಿ ಕುದುರೆಯ ವಯಸ್ಸು ಇಳಿಸುತ್ತಿದ್ದ, ಬಾಲಪೃಚ್ಛಕ ತನ್ನ ವಯಸ್ಸು ಏರಿಸುತ್ತಾನೆ. ಇಳಿಸುವುದಕ್ಕೆ ಕಾನಸು ಬೇಕಿತ್ತು. ಏರಿಸುವುದಕ್ಕೆ ಅಪ್ಪನ ಪ್ರೊಫೈಲ್ ಚಿತ್ರ ಸಾಕು.

ಹಲ್ಲು ಕಾಣದಿರುವಾಗ ಮಾತಿನಿಂದಲೇ ವಯಸ್ಸನ್ನು ಊಹಿಸಬೇಕು. ದೊಡ್ಡವರ ವಿಚಾರಣೆ ಒಂದೇ ಸಾಲಿನದು: ‘ಲಾಸ್ಟ್ ಎಷ್ಟ್ರೀ ಯಜಮಾನ್ರ?’ ಕುದುರೆ ಗಂಡೋ ಹೆಣ್ಣೋ, ಬದುಕಿದೆಯೋ ಇಲ್ಲವೋ ಎಂಬುದಕ್ಕಿಂತ ಮೊದಲೇ ಈ ಪ್ರಶ್ನೆ ಬರುತ್ತದೆ. ಬಾಲಪೃಚ್ಛೆಯಲ್ಲಿ ದರ ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ‘ಕಾಕಾ, ಅದರ ಹೆಸರೇನ್ರೀ?’ ಎಂಬುದು ಅದರ ಮೊದಲ ಲಕ್ಷಣ. ‘ರಾತ್ರಿ ಎಲ್ಲಿ ಮಲಗತೈತಿ?’ ಎಂಬುದು ಎರಡನೆಯದು. ‘ಸೈಕಲ್ ಕೊಟ್ಟರ ಕೊಡತೀರೇನ್ರೀ, ಬ್ರೇಕ್ ಅಷ್ಟ ಹೋಗೈತಿ’ ಎಂದು ಬಂದರೆ ಸಂದೇಹಕ್ಕೆ ಎಡೆಯೇ ಉಳಿಯುವುದಿಲ್ಲ. ಒಂದು ವಾಕ್ಯದಲ್ಲಿ ಐದು ಬಾರಿ ಕುದುರೆಯ ಚಿತ್ರ ಒತ್ತಿದ್ದರೆ, ಧ್ವನಿ ಸಂದೇಶದ ಹಿಂದಿನಿಂದ ‘ಏ, ಫೋನ್ ಇಡೋ’ ಎಂಬ ಹೆಣ್ಣುದನಿ ಕೇಳಿಬಂದರೆ, ಅನುಮಾನವೇ ಪ್ರಮಾಣವಾಗುತ್ತದೆ. ಹೊತ್ತನ್ನೂ ಗಮನಿಸಬೇಕು. ಸಾಲಿ ಬಿಟ್ಟ ಮೇಲಿನ ಸಂಜೆ, ಅರ್ಧ ದಿನದ ಶನಿವಾರ, ಏಪ್ರಿಲ್ ಮೇ ತಿಂಗಳ ಸೂಟಿ ಇವು ಬಾಲಪೃಚ್ಛೆಯ ಹಂಗಾಮು. ದೊಡ್ಡವರ ಹಂಗಾಮು ಹತ್ತಿ, ಗೋವಿನಜೋಳದ ಹಣ ಕೈಗೆ ಬಂದಾಗ.

ಇವುಗಳಲ್ಲಿ ಒಂದು ಲಕ್ಷಣವನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ‘ಏನ್ ತಿಂತೈತಿ?’ ಎಂದು ಕೇಳಿದವನು ಮಗುವೆಂದು ಹೊಸಬರು ತೀರ್ಮಾನಿಸುತ್ತಾರೆ. ಇದು ದೊಡ್ಡ ತಪ್ಪು. ಕುದುರೆ ದಿನಕ್ಕೆ ತನ್ನ ಮೈತೂಕದ ನೂರಕ್ಕೆ ಎರಡು ಪಾಲಿನಷ್ಟು ಒಣ ಮೇವು ತಿನ್ನುತ್ತದೆ, ಬೇಸಿಗೆಯಲ್ಲಿ ಕೊಡಗಟ್ಟಲೆ ನೀರು ಕುಡಿಯುತ್ತದೆ, ತಿಂದದ್ದು ಸರಿಹೋಗದಿದ್ದರೆ ವಾಂತಿ ಮಾಡಲಾರದೆ ಹೊಟ್ಟೆನೋವಿನಿಂದ ಸಾಯಲೂಬಹುದು. ಮೇವಿನ ಪ್ರಶ್ನೆ ಕೇಳದೆ ಕುದುರೆ ಒಯ್ದವರು ಆರು ತಿಂಗಳೊಳಗೆ ತಾವೇ ಮಾರಾಟದ ಚಿತ್ರ ಹಾಕುತ್ತಾರೆ. ಹುರುಳಿಯ ಬಗ್ಗೆ ಕೇಳಿದ ವಿಚಾರಣೆಗೆ ಹುರುಳಿದೆ ಎಂಬ ಸೂತ್ರವನ್ನು ಇಲ್ಲಿ ನೆನಪಿಡಬೇಕು, ಕೇಳಿದವನಿಗೆ ಮೀಸೆ ಬಂದಿರಲಿ ಬಿಡಲಿ.

ಲಕ್ಷಣಶಾಸ್ತ್ರ ಪೂರ್ತಿ ಕೈಕೊಡುವುದು ಕುರಿಗಾರರ ಮಕ್ಕಳ ವಿಷಯದಲ್ಲಿ. ಈ ಸೀಮೆಯಲ್ಲಿ ಹಿಂಡು ಹೊಡೆದುಕೊಂಡು ಊರೂರು ತಿರುಗುವ ಕುರುಬರು ಮನೆಸಾಮಾನನ್ನು, ನಡೆಯಲಾರದ ಮರಿಗಳನ್ನು, ಒಮ್ಮೊಮ್ಮೆ ಕೂಸುಗಳನ್ನೂ ಕುದುರೆಯ ಮೇಲೆ ಹೇರುತ್ತಾರೆ. ನಡೆಯುವುದಕ್ಕಿಂತ ಮೊದಲೇ ಕುದುರೆ ಹತ್ತಿದ ಹತ್ತು ವರ್ಷದ ಹುಡುಗ ‘ಹಿಂದಿನ ಕಾಲು ಎತ್ತಿದ ಫೋಟೋ ಹಾಕ್ರಿ, ಲಾಳ ಯಾವಾಗ ಬಡಿಸೀರಿ, ಸುಳಿ ಎಲ್ಲೈತಿ’ ಎಂದು ಸಾಲಾಗಿ ಕೇಳಿದಾಗ ಮಾರುವವನು ಎದ್ದು ನಿಂತು ಉತ್ತರ ಬರೆಯುತ್ತಾನೆ. ಅದೇ ಹೊತ್ತಿಗೆ ದೊಡ್ಡ ಊರಿನ ರೆಸಾರ್ಟಿಗೆ ಕುದುರೆ ಬೇಕಾದ ನಲವತ್ತರ ಗೃಹಸ್ಥ ‘ಕಚ್ಚುತ್ತದೆಯೇ? ಕೆಂಪು ಬಣ್ಣದ್ದು ಇಲ್ಲವೇ?’ ಎನ್ನುತ್ತಾನೆ. ಮೊದಲನೆಯವನನ್ನು ದೊಡ್ಡವನೆಂದೂ ಎರಡನೆಯವನನ್ನು ಬಾಲಕನೆಂದೂ ಬರೆದುಕೊಳ್ಳುವುದು ಸಹಜ. ಶಾಸ್ತ್ರ ಇದನ್ನು ದೋಷವೆನ್ನುತ್ತದೆ. ಕುದುರೆಯ ಅಭಿಪ್ರಾಯ ಬೇರೆ ಇರಬಹುದು.

ಪೂರ್ಣ ಪ್ರೌಢವಾಗಿ, ತಪ್ಪಿಲ್ಲದೆ, ‘ನಾನು ಸೈನ್ಯದಲ್ಲಿ ಅಧಿಕಾರಿ, ಕುದುರೆ ನೋಡುವ ಅಗತ್ಯವಿಲ್ಲ, ಈಗಲೇ ಪೂರ್ತಿ ಹಣ’ ಎಂದು ಬರುವ ಸಂದೇಶ ಯಾವ ಮಗುವಿನದೂ ಅಲ್ಲ. ಅದರ ಹಿಂದೆ ಒಂದು ಕ್ಯೂಆರ್ ಚೌಕ ಬರುತ್ತದೆ, ಹಣ ಪಡೆಯಲು ಪಿನ್ ಒತ್ತಿ ಎನ್ನುತ್ತದೆ. ಹಣ ಪಡೆಯುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ, ಕಳೆದುಕೊಳ್ಳುವುದಕ್ಕೆ ಮಾತ್ರ ಬೇಕು. ಬಾಲಪೃಚ್ಛಕನಿಂದ ಮಾರುವವನಿಗೆ ಆಗುವ ನಷ್ಟವೆಂದರೆ ಹೆಚ್ಚೆಂದರೆ ಒಂದು ಸಂಜೆ.

ಇನ್ನು ದರದ ಪ್ರಕರಣ. ಫೇಸ್‌ಬುಕ್ಕಿನ ಮಾರುಕಟ್ಟೆಯಲ್ಲಿ ಪ್ರಾಣಿ ಮಾರಾಟಕ್ಕೆ ನಿಷೇಧವಿದೆ. ಹೀಗಾಗಿ ಅಲ್ಲಿ ಯಾರೂ ಕುದುರೆ ಮಾರುವುದಿಲ್ಲ, ಕುದುರೆಯ ‘ಜೋಡಿ ಹಗ್ಗ’ವನ್ನು ಮಾರುತ್ತಾರೆ. ಬೇರೆ ಕಡೆಯಲ್ಲೂ ಖರೇ ದರ ಬರೆದರೆ ಚೌಕಾಸಿಗೆ ಜಾಗವಿರುವುದಿಲ್ಲವೆಂದು ದರದ ಖಾನೆಯಲ್ಲಿ 1 ರೂಪಾಯಿ ಎಂದು ತುಂಬುವ ರೂಢಿಯಿದೆ. ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮುಚ್ಚಿಡುತ್ತಿದ್ದ ಪದ್ಧತಿಯ ಮುಂದುವರಿಕೆ ಇದು. ಟವೆಲ್ಲಿನ ಕೆಳಗಿನ ಬೆರಳು ದೊಡ್ಡವರಿಗೆ ತಿಳಿಯುತ್ತದೆ. ಮಗು ಟವೆಲ್ಲನ್ನೇ ಓದುತ್ತದೆ. ಅಪ್ಪನ ಫೋನಿನಿಂದ ಒಂದು ರೂಪಾಯಿ ಕಳುಹಿಸಿ, ‘ಕಾಕಾ, ರೊಕ್ಕ ಹಾಕೀನಿ, ಕುದರಿ ಯಾವಾಗ ಕಳಸತೀರಿ?’ ಎನ್ನುತ್ತದೆ. ಈ ಪ್ರಕರಣದಲ್ಲಿ ಮಗುವಿನ ತರ್ಕದಲ್ಲಿ ಯಾವ ಲೋಪವೂ ಇಲ್ಲ. ಸುಳ್ಳು ಬರೆದವನು ಹಿರಿಯ.

ಕಾನೂನು ಮಾತ್ರ ಹಿರಿಯನ ಕಡೆಗಿದೆ. 1872ರ ಭಾರತೀಯ ಕರಾರು ಕಾಯಿದೆಯ 11ನೆಯ ಕಲಮಿನ ಪ್ರಕಾರ ಪ್ರಾಪ್ತ ವಯಸ್ಕರಿಗೆ ಮಾತ್ರ ಕರಾರು ಮಾಡುವ ಅರ್ಹತೆ. ಆ ವಯಸ್ಸನ್ನು 1875ರ ಕಾಯಿದೆ ಹದಿನೆಂಟೆಂದು ಗೊತ್ತುಮಾಡಿತು. ಮೋಹರಿ ಬೀಬಿ ಮತ್ತು ಧರ್ಮದಾಸ ಘೋಷರ ಮೊಕದ್ದಮೆಯಲ್ಲಿ 1903ರಲ್ಲಿ ಪ್ರಿವಿ ಕೌನ್ಸಿಲ್ ಅಪ್ರಾಪ್ತನ ಕರಾರು ಹುಟ್ಟಿದಾಗಿನಿಂದಲೇ ಶೂನ್ಯವೆಂದಿತು. ಕೊಟ್ಟ ಸಂಚಕಾರ ಸಂಚಕಾರವಾಗದು, ಒಪ್ಪಿದ ಮಾತು ಮಾತಾಗದು, ಸೈಕಲ್ಲಂತೂ ಸೈಕಲ್ಲಾಗಿಯೇ ಉಳಿಯುತ್ತದೆ. 68ನೆಯ ಕಲಮಿನಲ್ಲಿ ಮಾತ್ರ ಒಂದು ಸಂದು ಬಿಟ್ಟಿದ್ದಾರೆ: ಅಪ್ರಾಪ್ತನಿಗೆ ಅವನ ಅಂತಸ್ತಿಗೆ ತಕ್ಕ ಅವಶ್ಯಕ ವಸ್ತು ಒದಗಿಸಿದರೆ ಅವನ ಆಸ್ತಿಯಿಂದ ಬೆಲೆ ವಸೂಲು ಮಾಡಬಹುದು. ಕುದುರೆ ಅವಶ್ಯಕ ವಸ್ತುವೇ ಎಂಬ ಪ್ರಶ್ನೆಗೆ ಬಾಲಪೃಚ್ಛಕರ ಪಕ್ಷದಿಂದ ಬರುವ ಉತ್ತರ ಒಂದೇ. ಅವರ ಆಸ್ತಿ ಗೋಲಿಗಳಲ್ಲಿರುವುದರಿಂದ ವಸೂಲಿಯ ಭಾಗ ಕಷ್ಟದ್ದು. ಮಣ್ಣೆತ್ತಿನ ಅಮಾವಾಸ್ಯೆಗೆ ಇದೇ ಮಕ್ಕಳು ಕುಂಬಾರರ ಮನೆಯಿಂದ ಜೋಡೆತ್ತು ತರುವಾಗ ಯಾರೂ ಪ್ರಿವಿ ಕೌನ್ಸಿಲ್ಲಿಗೆ ಹೋಗಿಲ್ಲ. ಮಣ್ಣಿನ ಎತ್ತು ಮೇಯುವುದಿಲ್ಲವೆಂಬುದಷ್ಟೇ ವ್ಯತ್ಯಾಸ.

ಮಗು ಕಳುಹಿಸಿದ ಒಂದು ರೂಪಾಯಿಯನ್ನು ಅದು ಬಂದ ಖಾತೆಗೇ ಮರಳಿಸಬೇಕು, ಬೇರೆ ನಂಬರಿಗೆ ಅಲ್ಲ. ಅದೇ ದಿನ ದರದ ಖಾನೆಯನ್ನೂ ತಿದ್ದಬೇಕು.

ಉತ್ತರ ಬರೆಯುವ ಬಗೆ ಹೀಗೆ. ಬೈಯಬಾರದು, ಬೈದರೆ ಮಗು ಮುಂದಿನ ಸಲ ಅಣ್ಣನ ಹೆಸರಿನಲ್ಲಿ ಬರುತ್ತದೆ. ‘ತಮ್ಮಾ, ಕುದರಿ ಹೆಸರು ಬಿಜಲಿ. ಮನ್ಯಾಗ ದೊಡ್ಡವರ ಕಡೆ ಫೋನ್ ಕೊಡಪಾ’ ಎಂಬಷ್ಟು ಸಾಕು. ಹುಡುಗಿಯೆಂದು ತೋರಿದರೆ ‘ಯವ್ವಾ’. ಹೆಸರನ್ನು ಹೇಳಲೇಬೇಕು. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ ಮಗು ಅರ್ಧ ಸಮಾಧಾನ ಹೊಂದುತ್ತದೆ, ಉಳಿದರ್ಧ ದೊಡ್ಡವರ ಪಾಲು. ‘ನಮ್ಮಪ್ಪಗ ಹೇಳಬ್ಯಾಡ್ರಿ’ ಎಂದರೆ ಅಪ್ಪನಿಗೆ ಹೇಳುವುದೇ ಕ್ರಮ, ಆದರೆ ಅಪ್ಪ ಕೈಯೆತ್ತದಂತೆ ನಗುತ್ತಾ ಹೇಳುವುದು. ಯಾವ ಸಾಲಿ, ಯಾವ ಓಣಿ, ಮನೆಯಲ್ಲಿ ಈಗ ಯಾರಿದ್ದಾರೆ ಎಂದು ಮಗುವನ್ನು ಕೇಳಕೂಡದು. ಅದರ ಫೋಟೋ ಬೇಡ, ಆಧಾರ್ ಕಾರ್ಡಿನ ಫೋಟೋ ಬೇಡವೇ ಬೇಡ. ‘ಒಬ್ಬನ ಬಾ, ಹತ್ತಿಸಿ ತಿರಗಸತೀನಿ’ ಎಂಬ ಮಾತನ್ನು ಎಷ್ಟೇ ಒಳ್ಳೆಯ ಮನಸ್ಸಿನಿಂದಲೂ ಬರೆಯಬಾರದು. ಗೊತ್ತಿಲ್ಲದ ಮಗುವಿಗೆ ಗೊತ್ತಿಲ್ಲದ ದೊಡ್ಡವನು ಹಾಗೆ ಬರೆಯುವುದು ವ್ಯಾಪಾರದ ಶಾಸ್ತ್ರ ದಾಟಿ ಪೊಲೀಸರ ಶಾಸ್ತ್ರಕ್ಕೆ ಸೇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಮಕ್ಕಳ ವಿವರ ಸಂಗ್ರಹಿಸುವ ಸಂಸ್ಥೆಗಳಿಗೆ ಹೆತ್ತವರ ಒಪ್ಪಿಗೆ ಕಡ್ಡಾಯ ಮಾಡಿ, ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ ಇಟ್ಟಿದೆ. ಹೂಲಿಯ ಕೊಟ್ಟಿಗೆ ಸಂಸ್ಥೆಯಲ್ಲ ನಿಜ. ಆದರೂ ಕೇಳದಿದ್ದರೆ ಖರ್ಚಿಲ್ಲ.

ಪರಿಶೀಲನೆ ಅತಿಯಾಗಲೂಬಾರದು. ಬಾಲಕನೊಬ್ಬನ ಕಾಗದಪತ್ರವನ್ನು ಒರೆಗೆ ಹಚ್ಚಲು ಹೋಗಿ ಕೆಟ್ಟವರ ಉದಾಹರಣೆ ಹೂಲಿಯ ನೆರೆಯಲ್ಲೇ ಇದೆ. 1824ರಲ್ಲಿ ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮನ್ನಿಸಲಿಲ್ಲ, ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಪ್ರಾಣ ಬಿಟ್ಟ. ಅಲ್ಲಿ ಕಾರಣಗಳು ಬೇರೆ, ಸಾಮ್ರಾಜ್ಯದ ಹಸಿವು ಬೇರೆ. ಹಾಗಿದ್ದರೂ ‘ನಿನ್ನ ಜನ್ಮದಾಖಲೆ ಕಳಿಸು’ ಎಂದು ಮಗುವಿಗೆ ಬರೆಯಹೊರಟ ಮಾರಾಟಗಾರ ಬೈಲಹೊಂಗಲದಲ್ಲಿರುವ ಕಿತ್ತೂರು ರಾಣಿ ಚೆನ್ನಮ್ಮನ ಸಮಾಧಿಯನ್ನೊಮ್ಮೆ ನೆನೆಯುವುದು ಒಳ್ಳೆಯದು. ಆ ಮಗುವಿನ ಮನೆಯಲ್ಲಿ ಎಂಥ ಅವ್ವ ಇದ್ದಾಳೋ.

ದೊಡ್ಡವರನ್ನು ಕರೆದುಕೊಂಡು ಬಾ ಎಂದರೆ ಬರುವವರು ಸಾಮಾನ್ಯವಾಗಿ ಅಜ್ಜಂದಿರು. ಅಪ್ಪಂದಿರಿಗೆ ಪುರಸೊತ್ತಿಲ್ಲ. ಅಜ್ಜ ಕೊಳ್ಳಲು ಬಂದಿರುವುದಿಲ್ಲ, ಆದರೂ ಬಂದವನು ಸುಮ್ಮನಿರುವುದಿಲ್ಲ. ಕಣ್ಣಾರೆ ನೋಡಬೇಕೆಂಬುದು ಅವನ ಕಾಲದ ನೇಮ. ವಿಜಯನಗರದ ಅರಸ ಸಾಳುವ ನರಸಿಂಹ ಸಮುದ್ರದಲ್ಲಿ ಸತ್ತ ಕುದುರೆಗಳ ಬಾಲ ತಂದು ತೋರಿಸಿದರೂ ಬದುಕಿದ್ದವುಗಳಂತೆಯೇ ಹಣ ಕೊಡುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಮೊಬೈಲಿನ ಫೋಟೋ ನೋಡಿ ಹಣ ಹಾಕುವುದು ಬಾಲಕ್ಕೆ ಹಣ ಕೊಡುವುದಕ್ಕಿಂತ ಹೆಚ್ಚು ದೂರವಿಲ್ಲ. ಅಜ್ಜ ಬಾಲದಿಂದ ಶುರುಮಾಡಿ, ಗೊರಸು ತಟ್ಟಿ, ಗಂಟಲಿನ ಸುಳಿಯನ್ನು ಬೆರಳಲ್ಲಿ ತಡವಿ, ಕೊನೆಗೆ ತುಟಿ ಎತ್ತಿ ಹಲ್ಲು ಎಣಿಸುತ್ತಾನೆ. ಗ್ಲಾಂಡರ್ಸ್ ರೋಗದ ಪರೀಕ್ಷೆ ಆಗಿದೆಯೇ, ಪಶುವೈದ್ಯರ ಸರ್ಟಿಫಿಕೇಟ್ ಇದೆಯೇ ಎಂದು ಕೇಳಿದರೆ ತೋರಿಸಬೇಕು. ಅದು ಕುದುರೆಯಿಂದ ಮನುಷ್ಯರಿಗೂ ಹತ್ತುವ ರೋಗ. ಈ ಹೊತ್ತಿನಲ್ಲಿ ಮಗು ಕುದುರೆಯ ಹಿಂಗಾಲಿನ ಕಡೆ ಹೋಗದಂತೆ ನೋಡಿಕೊಳ್ಳುವುದು ಮಾರುವವನ ಹೊಣೆ. ಸಾಮಾನ್ಯವಾಗಿ ಅದು ಮುಂದೆಯೇ ಇರುತ್ತದೆ. ಕುದುರೆ ಬಾಯಿ ತೆರೆದಾಗ ತಾನೂ ತೆರೆಯುತ್ತದೆ. ಮೇಲಿನ ಎರಡು ಹಲ್ಲು ಬಿದ್ದು ಒಂದು ಅರ್ಧ ಹುಟ್ಟಿದ್ದರೆ ವಯಸ್ಸು ಏಳು ಎಂದು ಬರೆದುಕೊಳ್ಳಬಹುದು.

ಕುದುರೆ ಮಾರಾಟವಾದ ಮೇಲೆ ಚಿತ್ರ ತೆಗೆದುಹಾಕಬೇಕು. ತೆಗೆದರೂ ವಿಚಾರಣೆ ಕೆಲವು ವಾರ ಬರುತ್ತಲೇ ಇರುತ್ತದೆ. ದೊಡ್ಡವರು ‘ಇನ್ನ ಐತೇನ್ರೀ?’ ಎನ್ನುತ್ತಾರೆ, ‘ಹೋತ್ರೀ’ ಎಂದರೆ ಮುಗಿಯಿತು. ಬಾಲಪೃಚ್ಛಕರು ‘ಯಾರು ಒಯ್ದರು? ಅಲ್ಲಿ ಬಿಜಲಿಗೆ ನೆಳ್ಳೈತಿ?’ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲ. ಒಯ್ದವರಿಗೆ ಫೋನ್ ಮಾಡಿ ತಿಳಿದುಕೊಂಡು ಹೇಳಬೇಕಾಗುತ್ತದೆ. ಹುರುಳಿ ಹಾಕುತ್ತಾರೋ ಇಲ್ಲವೋ ಎಂಬುದನ್ನೂ ಅದೇ ಕರೆಯಲ್ಲಿ ಕೇಳಿಕೊಳ್ಳಬಹುದು.