ಜಯಮಂಗಲಿಯಲ್ಲಿ ದೋಣಿಮನೆ: ಒಂದು ಪ್ರಸ್ತಾವ

ದೋಣಿಮನೆ ಎಂದರೆ ಅಡುಗೆ, ಸ್ನಾನ, ನಿದ್ರೆ, ನೆಂಟರ ಉಪಚಾರ ಮೊದಲಾದ ಸಂಸಾರದ ಸಕಲ ವ್ಯವಹಾರಗಳನ್ನೂ ನೀರಿನ ಮೇಲೆ ತೇಲುತ್ತಲೇ ನಡೆಸಲು ಅನುಕೂಲವಾಗುವಂತೆ ಕಟ್ಟಿದ ವಾಸದ ನೆಲೆ. ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳಲ್ಲಿ ಇಂಥ ಮನೆಗಳು ಎರಡು ಸಾವಿರಕ್ಕೂ ಮಿಕ್ಕಿವೆ. ಶ್ರೀನಗರದಲ್ಲಿ ದಾಲ್ ಸರೋವರದ ಮೇಲೂ ಊರ ನಡುವಣ ಝೀಲಂ ನದಿಯ ದಂಡೆಗಳಲ್ಲೂ ಅವು ಸಾಲುಗಟ್ಟಿವೆ. ಒಂದೂ ಮೊಳೆ ಹೊಡೆಯದೆ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡುವ ಕೆಟ್ಟುವಳ್ಳಂ ಎಂಬ ಕೇರಳದ ದೋಣಿ ಒಂದು ಕಾಲಕ್ಕೆ ಭತ್ತ ಸಾಗಿಸುತ್ತಿದ್ದು, ಈಗ ಪ್ರವಾಸಿಗರನ್ನು ಸಾಗಿಸುತ್ತ ಕಾಸರಗೋಡು ಜಿಲ್ಲೆಯ ವಲಿಯಪರಂಬದ ಹಿನ್ನೀರಿನವರೆಗೂ ಬಂದಿದೆ. ಅಲ್ಲಿಂದ ಅದು ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೆ ಏಕೆ ಬರಲಿಲ್ಲವೆಂಬ ಪ್ರಶ್ನೆಯನ್ನು ಯಾರೂ ಗಂಭೀರವಾಗಿ ಎತ್ತಿದಂತಿಲ್ಲ. ತೆಂಗಿನ ನಾರಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಕೊರತೆಯಿರುವ ಇನ್ನೊಂದು ಸಾಮಗ್ರಿಯನ್ನೇ ನೆಪ ಮಾಡಿಕೊಂಡು ಇಡೀ ವಿಚಾರವನ್ನು ಕೈಬಿಡುವುದು ಶಾಸ್ತ್ರಸಮ್ಮತವಲ್ಲ.

ನೀರಿಲ್ಲವೆಂಬ ಆಕ್ಷೇಪವನ್ನು ಮೊದಲಿಗೆ ಭೂಪಟವೇ ತಳ್ಳಿಹಾಕುತ್ತದೆ. ಜಯಮಂಗಲಿಯು ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕೊರಟಗೆರೆ ಮಧುಗಿರಿಗಳನ್ನು ದಾಟಿ, ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ; ಆ ಪಿನಾಕಿನಿಯಾದರೋ ನಂದಿಬೆಟ್ಟದ ಸೀಮೆಯಿಂದ ಹೊರಟು ಆಂಧ್ರಕ್ಕೆ ಹೋಗಿ, ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಸುಬ್ರಹ್ಮಣ್ಯಸ್ವಾಮಿಯ ದರ್ಶನಕ್ಕೆಂಬಂತೆ ಕರ್ನಾಟಕಕ್ಕೆ ಬಂದು, ಮತ್ತೆ ಆಂಧ್ರದ ದಾರಿ ಹಿಡಿಯುತ್ತದೆ. ಭೂಪಟ ಅಚ್ಚು ಹಾಕುವವರು ಬೇಸಗೆ ಮಳೆಗಾಲಗಳ ಭೇದವೆಣಿಸದೆ ಎರಡಕ್ಕೂ ನೀಲಿ ಬಣ್ಣ ಬಳಿದಿರುವುದರಿಂದ, ಕನಿಷ್ಠ ಶಾಲೆಯ ಗೋಡೆಯ ಮೇಲಾದರೂ ಈ ಹೊಳೆಗಳು ವರ್ಷದ ಹನ್ನೆರಡು ತಿಂಗಳೂ ದಡ ತುಂಬಿ ಹರಿಯುತ್ತವೆ.

ಗೋಡೆಯಿಂದ ಕೆಳಗಿಳಿದರೆ ಒಂದು ಕಾನೂನಿನ ತೊಡಕು ಎದುರಾಗುತ್ತದೆ. ಇಂಗ್ಲೆಂಡಿನ ಕಾಲುವೆಗಳಲ್ಲಿ ಸ್ವಂತ ತಂಗುದಾಣವಿಲ್ಲದ ದೋಣಿಯು ಸಾಮಾನ್ಯವಾಗಿ ಒಂದೇ ಕಡೆ 14 ದಿನಗಳಿಗಿಂತ ಹೆಚ್ಚು ನಿಲ್ಲುವಂತಿಲ್ಲವೆಂಬ ನಿಯಮವಿದೆ. ಜಯಮಂಗಲಿಯಲ್ಲಿ ಈ ನಿಯಮವನ್ನು ಪಾಲಿಸಲು ದೋಣಿಯವರು ಶ್ರಮಪಡಬೇಕಿಲ್ಲ, ಏಕೆಂದರೆ ಎಷ್ಟೋ ವರ್ಷಗಳಲ್ಲಿ ಗಡುವಿಗೂ ಮೊದಲೇ ಹೊಳೆಯೇ ಜಾಗ ಖಾಲಿ ಮಾಡಿಕೊಡುತ್ತದೆ. 2022ರಂಥ ಮಳೆಗಾಲದಲ್ಲಿ ಮಾತ್ರ ಅದು ಹಳೆಯ ಬಾಕಿಯನ್ನೆಲ್ಲ ಒಂದೇ ಕಂತಿನಲ್ಲಿ ತೀರಿಸುವವರಂತೆ ಉಕ್ಕಿ ಬರುತ್ತದೆ. ಆಗ ಊರಿಗೆ ಊರೇ ಸೇತುವೆಯ ಮೇಲೆ ನಿಂತು ನೀರು ನೋಡುತ್ತದೆ, ಕೆರೆಗಳು ಕೋಡಿ ಬೀಳುತ್ತವೆ, ಅಂದರೆ ಹೆಚ್ಚಾದ ನೀರು ಕಟ್ಟೆಯ ಬದಿಯ ಹೊರದಾರಿಯಿಂದ ಹರಿದುಹೋಗುತ್ತದೆ, ಜನಪ್ರತಿನಿಧಿಗಳು ಮೊರದಲ್ಲಿ ಅರಿಸಿನ ಕುಂಕುಮ ಬಳೆಗಳನ್ನಿಟ್ಟು ಗಂಗೆಗೆ ಬಾಗಿನ ಅರ್ಪಿಸುತ್ತಾರೆ. ಆ ವೇಳೆಗೆ ದೋಣಿಯನ್ನು ಕೊಟ್ಟಿಗೆಯ ಅಟ್ಟದಿಂದ ಇಳಿಸಿ, ಗೆದ್ದಲು ತಿಂದ ಭಾಗಕ್ಕೆ ಹಲಗೆ ಹೊಡೆದು ಹೊಳೆಗೆ ಒಯ್ಯುವಷ್ಟರಲ್ಲಿ ಮುಹೂರ್ತ ಮೀರಿರುತ್ತದೆ.

ಹಾಗೆಂದು ಹೊಳೆಯೇ ಇರುವುದಿಲ್ಲವೆಂದು ತೀರ್ಮಾನಿಸುವುದು ಹೊರಗಿನವರ ಅವಸರ. ಉಳಿದ ಕಾಲದಲ್ಲಿ ಅದು ಮರಳಿನ ಒಳಗೆ ವಾಸವಾಗಿರುತ್ತದೆ. ಈ ಗುಟ್ಟನ್ನು ಅರಿತ ಹಿಂದಿನವರು ಹೊಳೆಯ ಪಾತ್ರದಲ್ಲಿ, ಕೆರೆಯ ಅಂಗಳದಲ್ಲಿ, ಬೆಟ್ಟದ ತಪ್ಪಲಿನಲ್ಲಿ ತಲಪರಿಗೆಗಳನ್ನು ಮಾಡಿಕೊಂಡಿದ್ದರು. ತಲಪರಿಗೆಯೆಂದರೆ ಒರತೆ ಮೇಲ್ಮಟ್ಟದಲ್ಲೇ ಸಿಗುವ ಕಡೆ ಹೆಚ್ಚು ಆಳವಿಲ್ಲದೆ ತೋಡಿದ ಗುಂಡಿ. ಅಲ್ಲಿ ಜಿನುಗಿದ ನೀರು ಕಾಲುವೆಯ ಮೂಲಕ ಕಟ್ಟೆಯೊಂದಕ್ಕೆ ಬಂದು ನಿಂತು, ನೀರುಗಂಟಿಯು ಸರದಿಯ ಪ್ರಕಾರ ಬಿಟ್ಟಂತೆ ಗದ್ದೆ ತೋಟಗಳಿಗೆ ಹೋಗುತ್ತಿತ್ತು, ಮತ್ತು ಆ ನೀರಿನ ಹಕ್ಕುಳ್ಳವರೆಲ್ಲ ಕೂಡಿ ಹೂಳು ತೆಗೆಯಬೇಕೆಂಬ ಕಟ್ಟುಪಾಡಿತ್ತು. ಬೇರೆ ದೇಶಗಳಲ್ಲಿ ಮನುಷ್ಯನು ತನಗೆ ಮನೆಯಿಲ್ಲವೆಂದು ನೀರಿನ ಮೇಲೆ ಮನೆ ಮಾಡಿದರೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಮನುಷ್ಯನು ನೀರಿಗೇ ಮನೆಯೊಂದನ್ನು ಬಿಟ್ಟುಕೊಟ್ಟು ಅದನ್ನು ಕಾಯ್ದುಕೊಂಡಿದ್ದನೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಆ ಮನೆಯನ್ನು ಅನಂತರದ ಕಾಲದಲ್ಲಿ ಕಿತ್ತು ಸಾಗಿಸಲಾಯಿತು. ಜಯಮಂಗಲಿ, ಪಿನಾಕಿನಿಗಳ ಪಾತ್ರದಲ್ಲಿ ವರ್ಷವಿಡೀ ನಿಯಮಿತವಾಗಿ ಸಂಚರಿಸಿ ಹೆಸರು ಮಾಡಿದ ಏಕೈಕ ನೌಕೆಯೆಂದರೆ ಮರಳಿನ ಲಾರಿ. ಅದು ಹೊಳೆಯನ್ನು ಕಂತು ಕಂತಾಗಿ ಬೆಂಗಳೂರಿಗೆ ಒಯ್ದು, ಅಲ್ಲಿಯ ಕಟ್ಟಡಗಳ ಗಾರೆಯಲ್ಲಿ ಕಾಯಂ ಆಗಿ ನೆಲೆಗೊಳಿಸಿತು. ಹೊಳೆದಂಡೆಯ ವಾಸ ಬಯಸಿ ಆ ನಗರದಲ್ಲಿ ಫ್ಲ್ಯಾಟು ಕೊಂಡವರು ತಮಗರಿವಿಲ್ಲದೆಯೇ ಹೊಳೆಯ ಒಳಗೇ ಸಂಸಾರ ಹೂಡಿರುವ ಸಾಧ್ಯತೆಯುಂಟು.

ಮರಳು ಹೋದ ಮೇಲೆ ಒರತೆ ಹೋಯಿತು, ಒರತೆ ಹೋದ ಮೇಲೆ ನಿಜವಾದ ದೋಣಿಮನೆ ಈ ಸೀಮೆಗೆ ಬಂತು. ಅದು ಬೋರ್‌ವೆಲ್ ಕೊರೆಯುವ ಲಾರಿ. ತಮಿಳುನಾಡಿನ ತಿರುಚೆಂಗೋಡು ಈ ಲಾರಿಗಳ ತವರು. ಅದರ ಕೆಲಸಗಾರರು ತಿಂಗಳುಗಟ್ಟಲೆ ಊರಿಂದೂರಿಗೆ ಅಲೆಯುತ್ತ, ಲಾರಿಯ ಮಗ್ಗುಲಲ್ಲೇ ಅನ್ನ ಬೇಯಿಸಿ, ಅದರ ಮೇಲೆಯೇ ಬಟ್ಟೆ ಒಣಗಿಸಿ, ಅದರ ಆಸರೆಯಲ್ಲೇ ಮಲಗುತ್ತಾರೆ. ಅಲೆದಾಟವೂ ಉಂಟು, ಸಂಸಾರದ ಸರಂಜಾಮೂ ಉಂಟು, ನೀರಿನ ನಂಟೂ ಉಂಟು. ಆಮ್‌ಸ್ಟರ್‌ಡ್ಯಾಮಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇಲ್ಲಿ ದೋಣಿಯ ತಳಕ್ಕೂ ನೀರಿಗೂ ನಡುವೆ ಸಾವಿರ ಅಡಿಯ ಅಂತರವಿರುವುದಷ್ಟೆ. ತೆಂಗಿನಕಾಯಿಯನ್ನು ಅಂಗೈ ಮೇಲಿಟ್ಟುಕೊಂಡು ಪಾಯಿಂಟ್ ಗುರುತಿಸುವವರು ಇದರ ಹರಿಕಾರರು. “ಎಷ್ಟಡಿಗೆ ಸಿಕ್ತಣ್ಣ?” ಎಂಬ ಕುಶಲಪ್ರಶ್ನೆಗೆ “ಬರೀ ಧೂಳು ಕಣಪ್ಪ” ಎಂಬ ಉತ್ತರ ಬಂದರೆ ಲಾರಿಯು ಲಂಗರು ಕಿತ್ತು ಪಕ್ಕದ ಹೊಲಕ್ಕೆ ಹೋಗುತ್ತದೆ, ನೀರು ಸಿಕ್ಕ ಕಡೆಗಳಲ್ಲಿ, ಮುಖ್ಯವಾಗಿ ಪಾವಗಡದಲ್ಲಿ, ಅದರೊಡನೆ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡೂ ಮೇಲೆ ಬರುತ್ತದೆ.

ಈ ಸೀಮೆಗೆ ಸಮುದ್ರವಿಲ್ಲವೆಂಬ ಕೊರಗನ್ನೂ ಸರ್ಕಾರ 2018ರಲ್ಲಿ ನೀಗಿಸಿತು. ಆ ವರ್ಷ ಉದ್ಘಾಟನೆಗೊಂಡು ಮುಂದೆ 2,050 ಮೆಗಾವಾಟ್‌ಗೆ ಬೆಳೆದ ಪಾವಗಡದ ಸೋಲಾರ್ ಪಾರ್ಕು ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹಬ್ಬಿದ್ದು, ಗುಡ್ಡದ ಮೇಲಿಂದ ನೋಡಿದರೆ ಕಡುನೀಲಿ ಕಡಲಿನಂತೆಯೇ ಕಾಣುತ್ತದೆ. ರೈತರಿಂದ ಗುತ್ತಿಗೆಗೆ ಪಡೆದ ಹೊಲಗಳ ಮೇಲಿರುವ ಈ ಕಡಲಿಗೆ ನೀರು ಬೇಕಾಗುವುದು ಧೂಳು ತೊಳೆಯಲು ಮಾತ್ರ. ಅರಣ್ಯ ಇಲಾಖೆ ಇನ್ನೂ ವಾಸ್ತವವಾದಿ: 2019ರಲ್ಲಿ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡನ್ನು ವನ್ಯಧಾಮವೆಂದು ಘೋಷಿಸಿದ್ದು ಚಿಂಕಾರದ ಸಲುವಾಗಿ, ಅಂದರೆ ಬಹುದಿನ ನೀರು ಕುಡಿಯದೆಯೂ ಬದುಕಬಲ್ಲ ಜಿಂಕೆಯ ಸಲುವಾಗಿ. ಸೀಮೆಗೆ ತಕ್ಕ ನಿವಾಸಿಯನ್ನು ಗುರುತಿಸುವುದರಲ್ಲಿ ಇಷ್ಟು ನಿಖರತೆ ತೋರಿದ ಇಲಾಖೆ ಬೇರೊಂದಿಲ್ಲ.

ಒಟ್ಟಿನಲ್ಲಿ ಜಯಮಂಗಲಿಯಲ್ಲಿ ದೋಣಿಮನೆ ಅಸಾಧ್ಯವೇನಲ್ಲ, ಅದಕ್ಕೊಂದು ಕ್ರಮವಿದೆ: ಮೊದಲು ಮರಳು ಉಳಿಯಬೇಕು, ಮರಳಿನಲ್ಲಿ ಒರತೆ ನಿಲ್ಲಬೇಕು, ತಲಪರಿಗೆಗಳ ಹೂಳು ತೆಗೆಯಲು ಊರವರು ಮತ್ತೆ ಕೂಡಬೇಕು, ಆಮೇಲೆ ಹೊಳೆ, ಅದರ ಮೇಲೆ ದೋಣಿ. ಹೊಳೆಗೆ ಮನೆ ಕೊಡದವರಿಗೆ ಹೊಳೆಯ ಮೇಲೆ ಮನೆ ದೊರೆಯಲಾರದು. ಅಷ್ಟರೊಳಗೆ ಅವಸರಪಟ್ಟು ಅರ್ಜಿ ಹಾಕಬಯಸುವವರು ಅದನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಸಲ್ಲಿಸುವುದು ಸೂಕ್ತ, ಏಕೆಂದರೆ ಹೊಳೆಯ ಬಹುಭಾಗ ಸದ್ಯಕ್ಕೆ ಇರುವುದು ಆ ಇಲಾಖೆಯ ಕಡತಗಳಲ್ಲಿ.