ಟೊಮೆಟೊ ಮತ್ತು ಮೂರನೇ ಮೀಟಿಂಗು

ಆನ್‌ಲೈನ್ ತರಬೇತಿಗೆ ವಿಷಯ ಆರಿಸಲು ಕರೆದ ಮೂರನೇ ಮೀಟಿಂಗು. ಮೇಡಂ ಕ್ಯಾಮೆರಾ ಸರಿಮಾಡಿಕೊಂಡರು.

“ರಾಯರೇ, ಪೊಮೊಡೊರೊ ಇಡೋಣವಾ?”

“ತಿನ್ನೋದಾ ಮೇಡಂ?”

“ಇಟಾಲಿಯನ್‌ನಲ್ಲಿ ಟೊಮೆಟೊ ಅಂತ. 1980ರ ದಶಕದ ಕೊನೆಯಲ್ಲಿ ಫ್ರಾಂಚೆಸ್ಕೊ ಚಿರಿಲ್ಲೊ ಅನ್ನೋ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಓದಿದ. 25 ನಿಮಿಷ ಕೆಲಸ, 5 ನಿಮಿಷ ಬಿಡುವು.”

“ನಮ್ಮಲ್ಲಿ ಆಗಲೇ ಜಾರಿಯಲ್ಲಿದೆ, ಸ್ವಲ್ಪ ಉಲ್ಟಾ. ಕ್ಯಾಂಟೀನಿಗೆ ಬಂದು ನೋಡಿ.”

“ಹಾಗಾದರೆ ಡೇವಿಡ್ ಅಲೆನ್? ಎರಡು ನಿಮಿಷದಲ್ಲಿ ಮುಗಿಯೋ ಕೆಲಸ ತಕ್ಷಣ ಮಾಡಿಬಿಡಿ ಅಂತಾರೆ.”

“ನನ್ನ ರಜಾ ಅರ್ಜಿಗೆ ನಿಮ್ಮ ಸಹಿ ಬೇಕಿತ್ತು. ಮೂರು ವಾರ ಆಯ್ತು.”

ಮೇಡಂ ಮ್ಯೂಟ್ ಆದರು. ಸರಿಯಾದ ಹೊತ್ತಿಗೆ ನೆಟ್‌ವರ್ಕ್ ಕೈಕೊಡಿಸುವುದೂ ಒಂದು ವಿದ್ಯೆ. ಅದಕ್ಕೆ ಯಾರೂ ತರಬೇತಿ ಕೊಡುವುದಿಲ್ಲ.

“ಹಲೋ... ತುರ್ತು, ಮುಖ್ಯ ಅಂತ ನಾಲ್ಕು ಚೌಕ ಮಾಡೋ ಐಸೆನ್‌ಹೋವರ್ ವಿಧಾನ?”

“ನಮಗೆ ಒಂದೇ ಚೌಕ ಸಾಕು ಮೇಡಂ. ಎಲ್ಲ ಫೈಲಿನ ಮೇಲೂ ‘ಅರ್ಜೆಂಟ್’ ಅಂತಲೇ ಇರುತ್ತೆ.”

“ಬಿಡಿ, ‘ಸಮಯ ಉಳಿಸುವುದು ಹೇಗೆ’ ಅಂತಲೇ ಇಡೋಣ. ಎಂಟು ಶನಿವಾರ, ಮೂರು ಮೂರು ಗಂಟೆ.”

“ಭಾನುವಾರ?”

“ಅದನ್ನ ನಾಲ್ಕನೇ ಮೀಟಿಂಗಿನಲ್ಲಿ ನೋಡೋಣ.”